ನಾವು ಮೆಜೆಸ್ಟಿಕ್‌ನಲ್ಲಿ ಇಳಿಯೋದು ಕೆರೆ ಒಳಗೆ

ಈ ಸಲದ ಬರಹ ಸ್ವಲ್ಪ ಉದ್ದ ಇದೆ. ಸಂಜೆ ಡೇರಿಗೆ ಹಾಲು ಹಾಕಿ ಬಂದು ಕಾಲು ಚಾಚಿಕೊಂಡು ಓದಿ. ಟೊಮೆಟೊ ರೋಗದ ಬಗ್ಗೆ ಅಲ್ಲ, ಗೂಡಿನ ರೇಟಿನ ಬಗ್ಗೆಯೂ ಅಲ್ಲ. ಬೆಂಗಳೂರಿನ ಮಳೆನೀರಿನ ಹಳೇ ಕಥೆ. ಕೊನೆಗೆ ಅದು ನಮ್ಮೂರಿಗೇ ಬಂದು ನಿಲ್ಲುತ್ತೆ.

ಯಾಕೆ ಈಗ ಬರೀತಾ ಇದೀನಿ ಅಂದ್ರೆ, ಹೋದ ವಾರ ನಮ್ಮ ಮೇಲಿನ ಹೊಲಗಳಲ್ಲಿ ಬಿಳಿ ಬಣ್ಣದ ಕಲ್ಲು ನೆಟ್ಟಿದಾರೆ. 12 ಎಕರೆ ಲೇಔಟ್ ಆಗುತ್ತಂತೆ. ನಮ್ಮ ಕೆರೆಗೆ ನೀರು ತರೋ ಕಾಲುವೆ ಅದರ ಮಧ್ಯದಲ್ಲೇ ಹಾದುಹೋಗುತ್ತೆ. ಕಲ್ಲು ನೆಡಿಸ್ತಾ ಇದ್ದ ಹುಡುಗನನ್ನ ಕೇಳಿದೆ, "ಕಾಲುವೆ ಏನ್ ಮಾಡ್ತೀರಪ್ಪ?" ಅಂತ. "ಅಂಕಲ್, ಎರಡಡಿ ಪೈಪು ಹಾಕಿ ಮೇಲೆ ರೋಡ್ ಮಾಡ್ತೀವಿ, ನೀರು ಆರಾಮಾಗಿ ಹೋಗುತ್ತೆ" ಅಂದ. ಅವನ ತಪ್ಪಲ್ಲ, ಅವನಿಗೆ ಹೇಳಿಕೊಟ್ಟಿದ್ದು ಅಷ್ಟೇ. ಆದ್ರೆ ಇದೇ ಮಾತನ್ನ ನಂಬಿ ಒಂದು ದೊಡ್ಡ ಊರು ನೂರು ವರ್ಷ ನಡೆದು, ಇವತ್ತು ಏನಾಗಿದೆ ಅನ್ನೋದನ್ನ ನಾವು ತಿಳ್ಕೊಂಡಿರಬೇಕು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಇತಿಹಾಸದ ಮೇಷ್ಟ್ರಲ್ಲ. ಆದ್ರೆ ನಲವತ್ತು ವರ್ಷದಿಂದ ಬೆಂಗಳೂರಿಗೆ ತರಕಾರಿ ಹಾಕ್ತಾ ಇದೀನಿ. ಅಲ್ಲಿ ಇಲ್ಲಿ ಓದಿದ್ದು, ಕಣ್ಣಲ್ಲಿ ಕಂಡಿದ್ದು ಎರಡನ್ನೂ ಸೇರಿಸಿ ಬರೆದಿದೀನಿ.

ಮೊದಲು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋದವರು ಒಂದಲ್ಲ ಒಂದು ಸಲ ಅಲ್ಲಿ ಇಳಿದೇ ಇರ್ತೀವಿ. ಆ ಜಾಗ ಧರ್ಮಾಂಬುಧಿ ಕೆರೆ. ಕೆಂಪೇಗೌಡರ ಕಾಲದ್ದು ಅಂತ ಹೇಳ್ತಾರೆ. ಪಕ್ಕದಲ್ಲಿ ಇವತ್ತಿಗೂ ಟ್ಯಾಂಕ್ ಬಂಡ್ ರಸ್ತೆ ಅಂತ ಬೋರ್ಡ್ ಇದೆ. ಟ್ಯಾಂಕ್ ಬಂಡ್ ಅಂದ್ರೆ ಕೆರೆ ಏರಿ. ಏರಿ ರಸ್ತೆ ಆಯ್ತು, ಕೆರೆಯಂಗಳ ಬಸ್ ಸ್ಟ್ಯಾಂಡ್ ಆಯ್ತು. ನಾವು ಬಸ್ಸಿಂದ ಇಳಿಯೋದು ಕೆರೆ ಒಳಗೆ. ನಾನು ಹುಡುಗನಾಗಿದ್ದಾಗ ನಮ್ಮಪ್ಪನ ಜೊತೆ ಲಾರಿಯಲ್ಲಿ ಮೂಲಂಗಿ, ಕೋಸು ತಗೊಂಡು ಸಿಟಿ ಮಾರ್ಕೆಟ್‌ಗೆ ಹೋಗ್ತಿದ್ದೆ. ಆ ಮಾರುಕಟ್ಟೆಯ ಜಾಗದಲ್ಲೂ ಮೊದಲು ಸಿದ್ದಿಕಟ್ಟೆ ಅಂತ ಕಟ್ಟೆ ಇತ್ತು. ಜೋರು ಮಳೆ ಬಂದ್ರೆ ಮೂಟೆಗಳ ಕೆಳಗೆ ನೀರು ಹರಿದು ಬರ್ತಿತ್ತು. "ಈ ಜಾಗದಲ್ಲಿ ಯಾಕಪ್ಪ ನೀರು ನಿಲ್ಲುತ್ತೆ" ಅಂತ ಕೇಳಿದ್ರೆ ಅಪ್ಪ, "ತಗ್ಗು ಕಣೋ, ನಿಲ್ದೆ ಏನು ಮಾಡುತ್ತೆ" ಅಂತಿದ್ರು. ಅಷ್ಟೇ ಉತ್ತರ. ಯೋಚನೆ ಮಾಡಿದ್ರೆ ಅದೇ ಪೂರ್ತಿ ಉತ್ತರ.

ಬೆಂಗಳೂರು ಕೂತಿರೋದು ದಿಣ್ಣೆ ಮೇಲೆ. ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರ. ಊರ ಪಕ್ಕ ದೊಡ್ಡ ನದಿ ಇಲ್ಲ. ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತೆ. ಪಡುವಣಕ್ಕೆ ಇಳಿಯೋದು ವೃಷಭಾವತಿ, ಅದು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತೆ. ಮೂಡಲಕ್ಕೆ ಇಳಿಯೋದು ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆ. ಅವೆರಡೂ ಸೇರೋದು ನಮ್ಮ ದಕ್ಷಿಣ ಪಿನಾಕಿನಿಗೆ. ಅಂದ್ರೆ ಆ ಊರಿನ ಅರ್ಧಕ್ಕಿಂತ ಹೆಚ್ಚು ಮಳೆನೀರಿಗೆ ನಾವು ಕೆಳಗಿನ ಹೊಲದವರು. ಮೇಲಿನ ಹೊಲದವನು ಏನು ಮಾಡಿದ ಅನ್ನೋದು ಕೆಳಗಿನ ಹೊಲದವನಿಗೆ ಗೊತ್ತಿರಬೇಕು ತಾನೇ?

ಹಳಬರು ಏನು ಮಾಡಿದ್ರು ಅಂದ್ರೆ, ಈ ಕಣಿವೆಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಹಾಕಿದ್ರು. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು ಕಾಲುವೆಗೆ, ಕಾಲುವೆಯಿಂದ ಕೆಳಗಿನ ಕೆರೆಗೆ. ಅದು ತುಂಬಿದ್ರೆ ಅದರ ಕೆಳಗಿನದಕ್ಕೆ. ಅಗರದಲ್ಲಿ ಗಂಗರ ಕಾಲದ, ಒಂಬತ್ತನೇ ಶತಮಾನದ ಶಾಸನ ಸಿಕ್ಕಿದೆ. ಎರಡು ಕೆರೆಗೆ ತೂಬು ಇಡಿಸಿ ಮೂರನೇ ಕೆರೆ ಕಟ್ಟಿಸಿದ ವಿಷಯ ಅದರಲ್ಲಿದೆ. ಬೇಗೂರಿನ ಶಾಸನದಲ್ಲಿ ಬೆಂಗಳೂರು ಅನ್ನೋ ಹೆಸರು ಬರೋದೂ ಹೆಚ್ಚುಕಮ್ಮಿ ಅದೇ ಕಾಲಕ್ಕೆ. ಅಂದ್ರೆ ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟೋಕೆ ಆರು ನೂರು ವರ್ಷ ಮುಂಚೆಯೇ ಅಲ್ಲಿ ಕೆರೆ ಇತ್ತು, ತೂಬು ಇತ್ತು, ಗದ್ದೆ ಇತ್ತು. ಕೆಂಪೇಗೌಡರು ಮಾಡಿದ್ದು ಇದೇ ಕ್ರಮವನ್ನ ಪೇಟೆಗೂ ತಂದಿದ್ದು. ಪೇಟೆ ಸುತ್ತ ಕೆರೆ, ಕೆರೆ ಕೆಳಗೆ ತೋಟ.

ಕೆರೆ ಅಂದ ಕೂಡಲೇ ನಾವು ನೀರಾವರಿ ಅಂತ ಮಾತ್ರ ನೆನಸ್ಕೋತೀವಿ. ಅದಕ್ಕೆ ಇನ್ನೊಂದು ಕೆಲಸ ಇತ್ತು, ಓಡೋ ನೀರನ್ನ ನಿಲ್ಲಿಸೋದು. ಒಂದೇ ರಾತ್ರಿ ನಾಲ್ಕು ಅಂಗುಲ ಮಳೆ ಬಿದ್ರೆ ಆ ನೀರೆಲ್ಲ ಒಟ್ಟಿಗೆ ಕೆಳಗಿನ ಊರ ಮೇಲೆ ಬೀಳ್ತಾ ಇರಲಿಲ್ಲ. ಒಂದೊಂದು ಕೆರೆಯಲ್ಲೂ ಒಂದಷ್ಟು ಹೊತ್ತು ನಿಂತು, ಮಣ್ಣು ಕೆಳಗೆ ಕೂರಿಸಿ, ಮಿಕ್ಕಿದ್ದು ನಿಧಾನಕ್ಕೆ ಮುಂದೆ ಹೋಗ್ತಿತ್ತು. ನಿಂತಷ್ಟು ಹೊತ್ತು ಭೂಮಿ ಕುಡೀತಿತ್ತು. ಕೆಳಗಿನ ಬಾವಿಗಳಲ್ಲಿ ಬೇಸಿಗೆಗೂ ನೀರು ಇರ್ತಿತ್ತು.

ಇದು ತಾನಾಗೇ ನಡೀತಾ ಇರಲಿಲ್ಲ, ಅದಕ್ಕೆ ಜನ ಇದ್ರು. ತೂಬು ಎತ್ತಿ ಇಳಿಸೋಕೆ ನೀರುಗಂಟಿ. ಅವನ ಕೂಲಿ ಕಣದಲ್ಲೇ ಅಳೆದು ಕೊಡ್ತಿದ್ರು. ಕೆರೆ ಕಟ್ಟಿಸಿದವರಿಗೆ, ನೋಡಿಕೊಂಡವರಿಗೆ ಕೊಡೋ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಹೆಸರುಗಳು ಶಾಸನಗಳಲ್ಲಿ ಬರುತ್ತವೆ. ಬೇಸಿಗೆಯಲ್ಲಿ ಹೂಳು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೀತಿದ್ರು. ಕೆರೆಗೂ ಲಾಭ, ಹೊಲಕ್ಕೂ ಗೊಬ್ಬರ. ನಮ್ಮ ತಾತ ಹೂಳು ಹೊಡೆದ ಕಥೆ ಹೇಳ್ತಿದ್ದದ್ದು ನನಗೆ ನೆನಪಿದೆ, ನಿಮ್ಮನೆಗಳಲ್ಲೂ ಹೇಳಿರ್ತಾರೆ. ಕೆರೆ ಉಳಿದಿದ್ದು ಅದರಿಂದ ಊಟ ಮಾಡೋರು ಕೆಳಗೆ ಇದ್ದದ್ದಕ್ಕೆ. ಈ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಎಲ್ಲಿ ದಾರಿ ತಪ್ಪಿತು ಅನ್ನೋದಕ್ಕೆ ಬರೋಣ.

1809ರಲ್ಲಿ ಬ್ರಿಟಿಷರು ದಂಡು ಪ್ರದೇಶ ಮಾಡಿದ್ರು. ಜನ ಹೆಚ್ಚಾದ್ರು, ಕೆರೆ ನೀರು ಸಾಲದಾಯ್ತು. 1876ರಿಂದ 78ರವರೆಗೆ ನಮ್ಮ ಹಿರಿಯರು ಧಾತು ಈಶ್ವರ ಬರ ಅಂತ ಹೇಳ್ತಿದ್ದ ದೊಡ್ಡ ಬರ ಬಂತು. ಅದಾದಮೇಲೆ 1882ರಲ್ಲಿ ಸ್ಯಾಂಕಿ ಕೆರೆ ಆಯ್ತು. ಅಲ್ಲಿವರೆಗೂ ಪಟ್ಟಣದವರಿಗೂ ಕೆರೆಯೇ ಗತಿ. ಆಮೇಲೆ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಹಾಕಿ, 1896ರಲ್ಲಿ ಕೊಳವೆಯಲ್ಲಿ ನೀರು ತಂದ್ರು. ಮುಂದೆ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ.

ನಲ್ಲಿ ನೀರು ಬಂದಿದ್ದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ಕಾಲರಾ ಬರ್ತಿದ್ದ ಕಾಲ ಅದು, ಶುದ್ಧ ನೀರು ಬೇಕೇ ಬೇಕಿತ್ತು. ಆದ್ರೆ ನಲ್ಲಿ ಬಂದಮೇಲೆ ಕೆರೆ ಯಾರಿಗೆ ಬೇಕು? ಊರ ಮಧ್ಯೆ ಸುಮ್ಮನೆ ಬಿದ್ದಿರೋ ದೊಡ್ಡ ಜಾಗ, ಸೊಳ್ಳೆ, ವಾಸನೆ. ಮೊದಲು ಕೆರೆ ಅಂತಿದ್ದದ್ದು ಆಮೇಲೆ ಖಾಲಿ ಜಾಗ ಅಂತ ಆಯ್ತು. ಮಳೆನೀರು ನಿಲ್ಲಿಸೋ ಅದರ ಇನ್ನೊಂದು ಕೆಲಸ ಯಾರಿಗೂ ನೆನಪಾಗಲಿಲ್ಲ.

ಆಮೇಲೆ ಒಂದೊಂದಾಗಿ ಹೋದವು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯ್ತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ, ಶೂಲೆ ಕೆರೆ ಫುಟ್‌ಬಾಲ್ ಸ್ಟೇಡಿಯಂ, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ, ದೊಮ್ಮಲೂರು ಕೆರೆ ಬಡಾವಣೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದವರಿಗೆ ಇಳಿದುಕೊಳ್ಳೋಕೆ ಅಂತ ಕಟ್ಟಿದ ಮನೆಗಳು ಕೋರಮಂಗಲದ ಕೆರೆಯಂಗಳದಲ್ಲಿ. ಒಂದು ಪಟ್ಟಿ ಮಾಡಿದ್ರೆ ಊರಿನ ಎಷ್ಟೋ ಆಟದ ಮೈದಾನಗಳು ಕೆರೆಗಳೇ.

ಇದರಲ್ಲಿ ಸಂಪಂಗಿ ಕೆರೆ ಕಥೆ ನಮ್ಮಂಥವರು ತಿಳ್ಕೋಬೇಕು. ಅದರ ನೀರು ನಂಬಿ ಸುತ್ತ ತಿಗಳ ಸಮುದಾಯದವರು ತೋಟ ಮಾಡ್ತಿದ್ರು. ಸೊಪ್ಪು, ತರಕಾರಿ, ಹೂವು ಬೆಳೆದು ಪೇಟೆಗೆ ಹಾಕ್ತಿದ್ರು. ಬೆಂಗಳೂರು ಕರಗ ನಡೆಸೋರು ಅವರೇ, ಆ ಹಬ್ಬದ ಶಾಸ್ತ್ರಕ್ಕೆ ಸಂಪಂಗಿ ಕೆರೆ ಬೇಕು. ಕೆರೆ ಹೋಯ್ತು, ತೋಟ ಹೋಯ್ತು. ಕರಗದ ಶಾಸ್ತ್ರಕ್ಕೆ ಅಂತ ಕ್ರೀಡಾಂಗಣದ ಹತ್ತಿರ ಒಂದು ಚಿಕ್ಕ ಕೊಳ ಮಾತ್ರ ಉಳಿದಿದೆ. ಕೆರೆಯಿಂದ ಊಟ ಮಾಡ್ತಿದ್ದವರು ದೂರ ಹೋದಮೇಲೆ ಕೆರೆ ಪರವಾಗಿ ಮಾತಾಡೋಕೆ ಯಾರೂ ಉಳೀಲಿಲ್ಲ.

ಕೆರೆ ಹೋಗಿದ್ದು ಎಲ್ಲರ ಕಣ್ಣಿಗೂ ಕಂಡಿತು. ಕಾಲುವೆ ಹೋಗಿದ್ದು ಯಾರಿಗೂ ಕಾಣಲಿಲ್ಲ. ಸಿಎಜಿಯವರು, ಅಂದ್ರೆ ಸರ್ಕಾರದ ಲೆಕ್ಕ ನೋಡೋರು, ಹಳೇ ನಕ್ಷೆ ಹೊಸ ನಕ್ಷೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರು. 1900ರ ಆಸುಪಾಸಿನಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿಲೋಮೀಟರ್ ಕಾಲುವೆ ಇತ್ತು. 2016–17ಕ್ಕೆ 63 ಕಿಲೋಮೀಟರ್ ಉಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226 ಇದ್ದದ್ದು 112ಕ್ಕೆ ಇಳಿದಿತ್ತು. ಹೆಚ್ಚುಕಮ್ಮಿ ಅರ್ಧ. ನೀರಿನ ದಾರಿ ಅರ್ಧ ಆಯ್ತು. ಮಳೆ ಅರ್ಧ ಆಗಲಿಲ್ಲ.

ಉಳಿದ ಕಾಲುವೆಗಳಿಗೆ ಎರಡು ಕೆಲಸ ಮಾಡಿದ್ರು. ಒಂದು, ಕೊಳಚೆ ಬಿಟ್ಟರು. ಇನ್ನೊಂದು, ಎರಡೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಿ ಎಷ್ಟೋ ಕಡೆ ತಳಕ್ಕೂ ಕಾಂಕ್ರೀಟ್ ಹಾಕಿದ್ರು. ನೋಡೋಕೆ ಗಟ್ಟಿಮುಟ್ಟು. ಆದ್ರೆ ಮಣ್ಣಿನ ಕಾಲುವೆಯಲ್ಲಿ ಹುಲ್ಲು, ಲಕ್ಕಿಗಿಡ, ಕಲ್ಲು, ತಿರುವು ಎಲ್ಲ ಸೇರಿ ನೀರಿನ ಓಟ ತಡೀತಿದ್ವು, ತಳ ಒಂದಷ್ಟು ಕುಡೀತಿತ್ತು. ಕಾಂಕ್ರೀಟಿನಲ್ಲಿ ನೀರು ಜಾರುಬಂಡೆ ಮೇಲೆ ಇಳಿದ ಹಾಗೆ ಇಳಿಯುತ್ತೆ. ಹತ್ತು ಗಂಟೆಯಲ್ಲಿ ಬರಬೇಕಾದ್ದು ಎರಡು ಗಂಟೆಯಲ್ಲಿ ಕೆಳಗೆ ಬಂದು ಬೀಳುತ್ತೆ.

ಒಂದು ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಒಂದು ಎಕರೆ ಅಂದ್ರೆ 4047 ಚದರ ಮೀಟರ್. ಎರಡು ಅಂಗುಲ, ಅಂದ್ರೆ 50 ಮಿಲಿಮೀಟರ್ ಮಳೆಗೆ ಒಂದು ಎಕರೆಯಲ್ಲಿ 2 ಲಕ್ಷ ಲೀಟರ್. 5000 ಲೀಟರ್ ಟ್ಯಾಂಕರಿನಲ್ಲಿ ಹೇಳೋದಾದ್ರೆ 40 ಟ್ಯಾಂಕರ್. ಉತ್ತ ಹೊಲ, ಬದು ಚೆನ್ನಾಗಿದ್ರೆ ಇದರಲ್ಲಿ ದೊಡ್ಡ ಪಾಲನ್ನ ಮಣ್ಣೇ ಕುಡಿಯುತ್ತೆ. ಅದೇ ಎಕರೆಗೆ ತಾರಸಿ, ಟಾರು, ಟೈಲ್ಸ್ ಹಾಕಿದ್ರೆ ಮುಕ್ಕಾಲಿಗಿಂತ ಹೆಚ್ಚು ನೀರು ಹೊರಗೆ ಓಡುತ್ತೆ. ನಮ್ಮ ಮೇಲಿನ 12 ಎಕರೆಗೆ ಇದೇ ಲೆಕ್ಕ ಹಾಕಿ. ಒಂದು ಮಳೆಗೆ 24 ಲಕ್ಷ ಲೀಟರ್ ಬೀಳುತ್ತೆ. ಇಷ್ಟು ದಿನ ಅದರಲ್ಲಿ ಸ್ವಲ್ಪ ಪಾಲು ಮಾತ್ರ ಕಾಲುವೆಗೆ ಬರ್ತಿತ್ತು. ಇನ್ನು ಮೇಲೆ ಮುಕ್ಕಾಲು ಪಾಲು, ಅದೂ ಒಂದೇ ಸಲಕ್ಕೆ ಬರುತ್ತೆ.

ಬೆಂಗಳೂರಿನಲ್ಲಿ ಈ ಲೆಕ್ಕ ತೀರಿದ್ದು ಎಲ್ಲಿ? ಬೆಳ್ಳಂದೂರು, ವರ್ತೂರಿನಲ್ಲಿ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊನೆಯ ಮೆಟ್ಟಿಲುಗಳು ಅವು. ಬೆಳ್ಳಂದೂರು ಕೆರೆ ಸುಮಾರು 900 ಎಕರೆ. ಒಂದು ಕಾಲಕ್ಕೆ ಅದರ ಕೆಳಗೆ ಭತ್ತ ಬೆಳೀತಿದ್ರು. ಮೇಲಿನಿಂದ ಮಳೆನೀರಿನ ಬದಲು ವರ್ಷಪೂರ್ತಿ ಕೊಳಚೆ ಬಂತು, ಸೋಪಿನ ನೀರು ಬಂತು. 2015ರಲ್ಲಿ ಕೆರೆ ಮೇಲಿನ ನೊರೆಗೆ ಬೆಂಕಿ ಹತ್ತಿತು. 2017, 2018ರಲ್ಲಿ ಮತ್ತೆ ಬೆಂಕಿ, ಹೊಗೆ. ನೀರಿಗೆ ಬೆಂಕಿ ಬಿತ್ತು ಅಂತ ನಮ್ಮೂರಲ್ಲಿ ಹೇಳಿದ್ರೆ ವಯಸ್ಸಾದವರು ನಂಬಲೇ ಇಲ್ಲ.

ಆಮೇಲೆ 2022. ಸೆಪ್ಟೆಂಬರ್ 4ರ ರಾತ್ರಿ ಬಿದ್ದ ಮಳೆ ಬೆಳಗಾಗೋ ಹೊತ್ತಿಗೆ 130 ಮಿಲಿಮೀಟರ್ ದಾಟಿತ್ತು. ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ, ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಗೆ ನೀರು ನುಗ್ಗಿತು, ಕಾರುಗಳು ಮುಳುಗಿದವು. ಕಂಪನಿ ಕೆಲಸಕ್ಕೆ ಹೋಗೋರನ್ನ ಸಾಗಿಸಿದ್ದು ಯಾವುದು? ಟ್ರಾಕ್ಟರ್. ಟೀವಿಯಲ್ಲಿ ನೋಡಿರ್ತೀರಿ, ನಾವು ರಾಗಿ ಮೂಟೆ ಹೇರೋ ಟ್ರೇಲರಿನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹಿಡ್ಕೊಂಡು ನಿಂತಿದ್ರು. ನಮ್ಮ ಅರಳಿಕಟ್ಟೆ ಹತ್ತಿರ ಅದನ್ನ ನೋಡಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಮನೆಗೆ ಬಂದು ಮಲಗಿದಾಗ ನಿದ್ದೆ ಬರಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಬೆಂಗಳೂರಿನವರು ಸುಮ್ಮನೆ ಕೂತಿದ್ರು ಅಂತ ಅಲ್ಲ. 1980ರ ದಶಕದಲ್ಲೇ ಎನ್. ಲಕ್ಷ್ಮಣ ರಾವ್ ಸಮಿತಿ ಕೆರೆ ಒತ್ತುವರಿ ಮಾಡಬೇಡಿ, ಹೂಳು ತೆಗೀರಿ, ಕೊಳಚೆ ಬಿಡಬೇಡಿ, ಕಾಲುವೆ ಉಳಿಸಿ ಅಂತ ಹೇಳಿತ್ತು. ಸರ್ಕಾರ ಒಪ್ಪಿಕೊಂಡಿತ್ತು ಕೂಡ. 2009ರಲ್ಲಿ ತಾರಸಿ ನೀರು ಹಿಡೀಲೇಬೇಕು ಅಂತ ಕಾನೂನು ಬಂತು. 30–40ರ ಹೊಸ ಮನೆಗೂ ಅದು ಅನ್ವಯ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯಿಂದ 75 ಮೀಟರ್ ಕಟ್ಟಡ ಕಟ್ಟಬೇಡಿ ಅಂತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಕಾಗದದ ಮೇಲೆ ಅಳತೆ ಬದಲಾಗ್ತಾ ಇರುತ್ತೆ, ನೀರಿನ ಅಳತೆ ಬದಲಾಗಲ್ಲ.

ಕೆಲಸ ಆಗಿರೋ ಕಡೆಯೂ ಇದೆ, ಅದನ್ನೂ ಹೇಳಬೇಕು. ಯಲಹಂಕದ ಈಚೆ ಜಕ್ಕೂರು ಕೆರೆ, ಸುಮಾರು 160 ಎಕರೆ. ನಾನು ಒಂದು ಸಲ ಹೋಗಿ ಏರಿ ಮೇಲೆಲ್ಲ ಓಡಾಡಿ ಬಂದಿದೀನಿ. ಮೇಲ್ಗಡೆ ಕೊಳಚೆ ಶುದ್ಧ ಮಾಡೋ ಘಟಕ ಇದೆ. ಮೊದಲು ಕಟ್ಟಿದಾಗ ದಿನಕ್ಕೆ 1 ಕೋಟಿ ಲೀಟರಿನದು. ಅಲ್ಲಿಂದ ಬಂದ ನೀರನ್ನ ನೇರವಾಗಿ ಕೆರೆಗೆ ಬಿಡಲ್ಲ. ಜೊಂಡು, ಆಪು ಬೆಳೆದಿರೋ ಜೌಗಿಗೆ ಬಿಡ್ತಾರೆ. ಅಲ್ಲಿ ನೀರು ನಿಧಾನ ಆಗುತ್ತೆ, ಗಸಿ ತಳಕ್ಕೆ ಕೂರುತ್ತೆ. ಜೊಂಡಿನ ಬೇರಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನ ತಿನ್ನುತ್ತವೆ, ಸಾರಜನಕವನ್ನ ಗಿಡ ಎಳೆದುಕೊಳ್ಳುತ್ತೆ. ನಾವು ಯೂರಿಯಾ ಹಾಕಿದಾಗ ಬೆಳೆ ಎಳೆದುಕೊಳ್ಳಲ್ವಾ, ಹಾಗೇ. ಆಮೇಲೆ ನೀರು ಕೆರೆಗೆ ಇಳಿಯುತ್ತೆ. ಅಲ್ಲಿ ಮೀನು ಹಿಡೀತಾರೆ, ಹಕ್ಕಿ ಬರುತ್ತವೆ. ಜೊಂಡನ್ನ ಆಗಾಗ ಕೊಯ್ದು ಹೊರಗೆ ಹಾಕ್ತಾ ಇರಬೇಕು, ಇಲ್ಲದಿದ್ರೆ ಅದೇ ಕೊಳೆತು ತಿಂದಿದ್ದನ್ನ ವಾಪಸ್ ನೀರಿಗೆ ಬಿಡುತ್ತೆ. ಕಾರ್ಖಾನೆ ವಿಷ ಬಂದ್ರೆ ಜೊಂಡು ಏನೂ ಮಾಡೋಕಾಗಲ್ಲ, ಅದನ್ನ ಕಾರ್ಖಾನೆ ಬಾಗಿಲಲ್ಲೇ ತಡೀಬೇಕು.

ಕಬ್ಬನ್ ಪಾರ್ಕಿನಲ್ಲಿ ಹಳೇ ಬಾವಿಗಳ ಹೂಳು ತೆಗೆದು, ಹೊಸದಾಗಿ ಇಂಗುಬಾವಿಗಳನ್ನೂ ತೋಡಿದಾರೆ. ತೋಡಿದವರು ತಲೆತಲಾಂತರದಿಂದ ಬಾವಿ ತೆಗೆಯೋ ಮಣ್ಣು ಒಡ್ಡರು. ದೊಡ್ಡ ದೊಡ್ಡ ಎಂಜಿನಿಯರುಗಳು ಇದಕ್ಕೆಲ್ಲ ಸೇರಿಸಿ ಹಸಿರು ಮೂಲಸೌಕರ್ಯ ಅಂತ ಹೆಸರು ಇಟ್ಟಿದಾರೆ. ಚೀನಾದಲ್ಲಿ 2013ರಿಂದ ಈಚೆಗೆ ಸ್ಪಂಜಿನ ಊರು ಅನ್ನೋ ಹೆಸರಿನಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿ ಕೆರೆ, ಜೌಗು, ನೀರು ಕುಡಿಯೋ ಪಾದಚಾರಿ ದಾರಿ ಮಾಡ್ತಾ ಇದಾರೆ. ಹೆಸರು ಹೊಸದು. ಕೆಲಸ ನಮ್ಮ ನೀರುಗಂಟಿಗೆ ಗೊತ್ತಿದ್ದದ್ದೇ: ಓಡೋ ನೀರನ್ನ ನಡೆಸು, ನಡೆಯೋ ನೀರನ್ನ ನಿಲ್ಲಿಸು, ನಿಂತ ನೀರನ್ನ ಇಂಗಿಸು.

ಕೆರೆ ಒಂದನ್ನೇ ಸುತ್ತ ಬೇಲಿ ಹಾಕಿ, ವಾಕಿಂಗ್ ದಾರಿ ಮಾಡಿ, ಬೆಂಚು ಹಾಕಿಬಿಟ್ರೆ ಆಗಲ್ಲ ಅನ್ನೋದನ್ನೂ ಅಲ್ಲಿ ನೋಡಿ ಕಲಿಯಬೇಕು. ಒಳಗೆ ಬರೋ ಕಾಲುವೆ, ಹೊರಗೆ ಹೋಗೋ ಕೋಡಿ, ಇವೆರಡೂ ಇಲ್ಲದಿದ್ರೆ ಅದು ಕೆರೆ ಅಲ್ಲ, ತೊಟ್ಟಿ.

ಇನ್ನೊಂದು ಮಾತು. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆಯನ್ನ ಎರಡು ಹಂತ ಶುದ್ಧ ಮಾಡಿ, ಪಂಪ್ ಮಾಡಿ, ಕೆರೆಯಿಂದ ಕೆರೆಗೆ ತುಂಬಿಸೋ ಯೋಜನೆ. ಮೂರನೇ ಹಂತವೂ ಮಾಡಿ ಅಂತ ಅಲ್ಲಿನ ರೈತರು ಕೇಳ್ತಾನೇ ಇದಾರೆ, ಅದು ನ್ಯಾಯ. ಬತ್ತಿದ ಬೋರುಗಳಲ್ಲಿ ನೀರು ಬಂದಿದ್ದೂ ನಿಜ. ನಾನು ಇಲ್ಲಿ ಹೇಳೋಕೆ ಹೊರಟಿದ್ದು ಬೇರೆ. ಆ ನೀರು ಕೆರೆಯಿಂದ ಕೆರೆಗೆ ಹೋಗ್ತಾ ಇರೋದು ನಮ್ಮ ಹಿರಿಯರು ಬಿಟ್ಟುಹೋದ ಅದೇ ಕೋಡಿ, ಅದೇ ಕಾಲುವೆಯಲ್ಲಿ. ಕಾಲುವೆ ಮುಚ್ಚಿಕೊಂಡ ಊರಿಗೆ ಯಾವ ಯೋಜನೆ ಬಂದ್ರೂ ನೀರು ಬರಲ್ಲ.

ಈಗ ನನ್ನ ವಿಷಯ.

ನಮ್ಮ ಜಮೀನಿನ ಅಂಚಲ್ಲಿ ಕೆರೆಗೆ ಹೋಗೋ ಹಳ್ಳಗಾಲುವೆ ಇತ್ತು. ಹತ್ತಡಿ ಅಗಲ, 330 ಅಡಿ ಉದ್ದ. ಮೂರು ಗುಂಟೆ ಆಗುತ್ತೆ. 1998ರಲ್ಲಿ ಒಂದು ಬೇಸಿಗೆ, ಮಳೆ ಕಮ್ಮಿ, ಕಾಲುವೆಯಲ್ಲಿ ಸರಿಯಾಗಿ ನೀರು ನೋಡಿ ವರ್ಷಗಳಾಗಿತ್ತು. ಟ್ರಾಕ್ಟರಿಗೆ ಬ್ಲೇಡ್ ಕಟ್ಟಿಸಿ ಒಂದೇ ಬೆಳಗ್ಗೆ ಮಟ್ಟ ಮಾಡಿಬಿಟ್ಟೆ. ಪಕ್ಕಕ್ಕೆ ಒಂದು ಚಿಕ್ಕ ಚರಂಡಿ ತೆಗೆದೆ, ಸಾಕು ಅನ್ನಿಸ್ತು. ಯಾರೂ ಕೇಳಲಿಲ್ಲ, ಕೇಳೋಕೆ ನೀರುಗಂಟಿಯೂ ಇರಲಿಲ್ಲ. ಮೂರು ಗುಂಟೆಗೆ ಇಪ್ಪತ್ತಮೂರು ವರ್ಷ ಹಿಪ್ಪುನೇರಳೆ ಹಾಕಿದೆ. ಪಹಣಿಯಲ್ಲಿ ಅದು ಖರಾಬು ಅಂತ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದೆ.

2021ರ ನವೆಂಬರ್ ನಿಮಗೆಲ್ಲ ನೆನಪಿರುತ್ತೆ. ಕೊಯ್ದು ಹಾಕಿದ್ದ ರಾಗಿ ಹೊಲದಲ್ಲೇ ಮೊಳಕೆ ಬಂದ ವರ್ಷ. ಒಂದು ರಾತ್ರಿ ಮೇಲಿನಿಂದ ನೀರು ಬಂತು. ನನ್ನ ಚಿಕ್ಕ ಚರಂಡಿ ಅರ್ಧ ಗಂಟೆಯೂ ತಡೀಲಿಲ್ಲ. ನೀರು ಹಳೇ ದಾರಿ ಹುಡುಕ್ಕೊಂಡು ನನ್ನ ಹಿಪ್ಪುನೇರಳೆ ಕೊಚ್ಚಿ, ಬದು ಒಡೆದು, ಕೆಳಗಡೆ ನಮ್ಮ ದೊಡ್ಡಪ್ಪನ ಮಗನ ಹೊಲಕ್ಕೆ ನುಗ್ಗಿತು. ಒಂದೂವರೆ ಎಕರೆ ರಾಗಿ ಅರಿ ಹಾಕಿದ್ರು. ಬೆಳಗ್ಗೆ ಹೋಗಿ ನೋಡಿದ್ರೆ ರಾಗಿ ಇಲ್ಲ, ಮೇಲ್ಮಣ್ಣೂ ಇಲ್ಲ, ಮೊಣಕಾಲುದ್ದ ಕೊರಕಲು. ಅಣ್ಣ ಬದುವಿನ ಮೇಲೆ ಕೂತಿದ್ರು. ಬೈತಾರೆ ಅಂದ್ಕೊಂಡೆ. "ಕಾಲುವೆ ಇತ್ತಲ್ಲೋ ತಮ್ಮ ಇಲ್ಲಿ" ಅಂದ್ರು ಅಷ್ಟೇ. ಆ ವರ್ಷ ಅವರ ಮನೆಗೆ ರಾಗಿ ನಾನು ಕೊಟ್ಟೆ. ಹೋದ ಮಣ್ಣನ್ನ ಎಲ್ಲಿಂದ ತಂದುಕೊಡಲಿ?

2022ರಲ್ಲಿ ಟೀವಿ ನೋಡಿ ನಕ್ಕು ಬಂದು ನಿದ್ದೆ ಬರಲಿಲ್ಲ ಅಂದೆನಲ್ಲ, ಇದಕ್ಕೇ. ಆ ದೊಡ್ಡ ಮನೆಗಳ ಜಾಗದಲ್ಲಿ ಕಾಲುವೆ ಮುಚ್ಚಿದವನಿಗೂ ನನಗೂ ಏನು ವ್ಯತ್ಯಾಸ? ಅವನು ಕಾಂಕ್ರೀಟ್ ಹಾಕಿದ, ನಾನು ಹಿಪ್ಪುನೇರಳೆ ಹಾಕಿದೆ.

ಮುಂದಿನ ಬೇಸಿಗೆಗೆ ಸರ್ವೇಯರ್ ಕರೆಸಿ ಹದ್ದುಬಸ್ತು ಮಾಡಿಸಿದೆ. ಗ್ರಾಮನಕ್ಷೆಯಲ್ಲಿ ಎಲ್ಲಿದೆಯೋ ಅಲ್ಲೇ ಜೆಸಿಬಿಯಿಂದ ಕಾಲುವೆ ತೆಗೆಸಿದೆ. ಮೇಲೆ ಹತ್ತಡಿ, ತಳ ನಾಲ್ಕಡಿ, ಆಳ ನಾಲ್ಕಡಿ. ಪಕ್ಕಗಳಿಗೆ ಲಾವಂಚ ಮತ್ತು ಗರಿಕೆ ಹಾಕಿದೆ, ತಿರುವಿನಲ್ಲಿ ಮಾತ್ರ ಕಲ್ಲು ಜೋಡಿಸಿದೆ. ನೂರಡಿಗೊಂದು ಮೊಣಕಾಲೆತ್ತರದ ಕಲ್ಲಿನ ತಡೆ. ಆಮೇಲಿನ ಮಳೆಗಳಲ್ಲಿ ಬದು ಒಡೆದಿಲ್ಲ. ತಡೆ ಹಿಂದೆ ಕೂತ ಮಣ್ಣನ್ನ ವರ್ಷಕ್ಕೊಂದು ಸಲ ಎತ್ತಿ ಹೊಲಕ್ಕೆ ಹಾಕ್ತೀನಿ. ಮೂರು ಗುಂಟೆ ಹೋಯ್ತು, ನಿಜ. ಅದು ನನ್ನದು ಯಾವತ್ತೂ ಆಗಿರಲಿಲ್ಲ.

ಈಗ ಆ ಎರಡಡಿ ಪೈಪಿನ ಲೆಕ್ಕಕ್ಕೆ ಬನ್ನಿ. ಎರಡಡಿ ಪೈಪಿನ ಬಾಯಿ ಮೂರು ಚದರಡಿ ಚಿಲ್ಲರೆ. ನಾನು ತೆಗೆಸಿರೋ ಕಾಲುವೆಯ ಬಾಯಿ 28 ಚದರಡಿ. ಅಂದ್ರೆ ಒಂದು ಕಾಲುವೆಗೆ ಒಂಬತ್ತು ಪೈಪು ಬೇಕು. ಪೈಪಿಗೆ ಒಂದು ಪ್ಲಾಸ್ಟಿಕ್ ಚೀಲ, ಒಂದು ತೆಂಗಿನ ಗರಿ ಸಿಕ್ಕಿಕೊಂಡ್ರೆ ಮುಗೀತು. ಕಾಲುವೆ ಕಟ್ಟಿಕೊಂಡ್ರೆ ಕಣ್ಣಿಗೆ ಕಾಣುತ್ತೆ, ಗುದ್ದಲಿ ತಗೊಂಡು ಹೋಗಬಹುದು. ಪೈಪು ಕಟ್ಟಿಕೊಂಡಿದ್ದು ನೀರು ಮನೆಗೆ ಬಂದಮೇಲೇ ಗೊತ್ತಾಗೋದು.

ಲೇಔಟ್ ಬೇಡ ಅಂತ ನಾನು ಹೇಳಲ್ಲ. ಮಾರಿದವರಿಗೆ ಮಗಳ ಮದುವೆ, ಸಾಲ, ಆಸ್ಪತ್ರೆ ಇರುತ್ತೆ, ಅವರ ಕಷ್ಟ ಅವರಿಗೆ. ನಾವು ಕೇಳಬೇಕಾದ್ದು ಇಷ್ಟು.

ಒಂದು, ಕೆಲಸ ಶುರುವಾಗೋಕೆ ಮುಂಚೆ ಗ್ರಾಮನಕ್ಷೆ ಇಟ್ಕೊಂಡು ಕಾಲುವೆ ಅಳತೆ ಆಗಲಿ, ಎರಡೂ ಕಡೆ ಕಲ್ಲು ನೆಡಲಿ. ನಾವೂ ಜೊತೆಯಲ್ಲಿ ನಿಂತಿರೋಣ.

ಎರಡು, ಕಾಲುವೆ ತೆರೆದ ಮಣ್ಣಿನ ಕಾಲುವೆಯಾಗೇ ಉಳೀಲಿ. ರಸ್ತೆ ದಾಟೋ ಜಾಗದಲ್ಲಿ ಮಾತ್ರ ಅಗಲವಾದ ಮೋರಿ ಕಟ್ಟಲಿ.

ಮೂರು, ಹೇಗೂ ಪಾರ್ಕಿಗೆ ಜಾಗ ಬಿಡಬೇಕು. ಅದನ್ನ ಎಲ್ಲೋ ಎತ್ತರದ ಮೂಲೆಯಲ್ಲಿ ಬಿಡೋ ಬದಲು ತಗ್ಗಿನಲ್ಲಿ ಬಿಟ್ಟು ಅಲ್ಲೊಂದು ಕುಂಟೆ ತೆಗೆಯಲಿ. ಮೊದಲ ಮಳೆ ಅಲ್ಲಿ ನಿಂತು ಆಮೇಲೆ ಮುಂದೆ ಬರಲಿ. ಮನೆಗಳ ತಾರಸಿ ನೀರಿಗೆ ಇಂಗುಗುಂಡಿ ಇರಲಿ.

ನಾಲ್ಕು, ಪಾಯಿಖಾನೆ ನೀರು, ಬಚ್ಚಲು ನೀರು ಒಂದು ತೊಟ್ಟೂ ಕಾಲುವೆಗೆ ಬೀಳಬಾರದು. ಬೆಳ್ಳಂದೂರು ಕೆಟ್ಟಿದ್ದು ಇದರಿಂದಲೇ.

ಐದನೇದು ನಮಗೆ. ಅವರ ಹತ್ತಿರ ಕೇಳೋಕೆ ಮುಂಚೆ ನಮ್ಮ ನಮ್ಮ ಹೊಲದಲ್ಲಿ ಕಾಲುವೆ ಎಲ್ಲಿತ್ತು ಅಂತ ನೋಡ್ಕೊಳ್ಳೋಣ. ಮೇಲಿಂದ ಕೆರೆವರೆಗೆ ನಾನು ನಡ್ಕೊಂಡು ಹೋಗಿ ನೋಡಿದೀನಿ. ಏಳು ಕಡೆ ಮುಚ್ಚಿದೆ. ಯಾರ್ಯಾರದು ಅಂತ ಇಲ್ಲಿ ಬರೆಯಲ್ಲ, ಅವರಿಗೆ ಗೊತ್ತು. ನಾನೂ ಅದೇ ಸಾಲಿನಲ್ಲಿ ಇದ್ದವನು, ಯಾರನ್ನೂ ಬೈಯೋ ಯೋಗ್ಯತೆ ನನಗಿಲ್ಲ. ಆದ್ರೆ ನಾವೇ ಮುಚ್ಚಿಕೊಂಡು ಲೇಔಟಿನವರಿಗೆ ತೆಗೀರಿ ಅಂದ್ರೆ ಅವರು ನಗ್ತಾರೆ, ನಗೋದು ನ್ಯಾಯವೇ.

ಬೆಂಗಳೂರಿನಲ್ಲಿ ಕೆರೆ ಪರವಾಗಿ ಮಾತಾಡೋಕೆ ಕೆಳಗೆ ಊಟ ಮಾಡೋರು ಉಳೀಲಿಲ್ಲ ಅಂದೆ. ನಮ್ಮ ಕೆರೆ ಕೆಳಗೆ ಇನ್ನೂ ನಾವಿದೀವಿ. ಗದ್ದೆ ಇಲ್ಲದಿದ್ರೂ ಬೋರು ಇದೆ, ತೋಟ ಇದೆ, ದನ ಇದೆ.

ಮುಂದಿನ ಗ್ರಾಮಸಭೆಗೆ ನಾನು ಗ್ರಾಮನಕ್ಷೆಯ ನಕಲು ತಗೊಂಡು ಬರ್ತೀನಿ. ಅದಕ್ಕೆ ಮುಂಚೆ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಕೆರೆ ಕೋಡಿ ಹತ್ತಿರ ಸೇರಿ, ಕಾಲುವೆ ಉದ್ದಕ್ಕೂ ಒಂದು ಸಲ ಒಟ್ಟಿಗೆ ನಡೆದು ನೋಡೋಣ. ನಮ್ಮ ಅಣ್ಣನೂ ಬರ್ತಾರೆ. ಬರುವಾಗ ಕೈಯಲ್ಲಿ ಒಂದು ಮಚ್ಚು ಇರಲಿ, ಲಾಂಟಾನ ತುಂಬಾ ಬೆಳೆದಿದೆ.